ಬ್ಯಾಚ್‌ಗಟ್ಟಲೆ ಮೋರಿಗೆ ಸುರಿದು ಕಟ್ಟಿದ ಬಿಯರ್ ಕಂಪನಿ: ಚಿಕೊ ಊರಿನ ಸಿಯೆರಾ ನೆವಾಡಾ ಬೆಳೆದ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಭಾಗದಲ್ಲಿ ಚಿಕೊ ಅನ್ನೋ ಊರಿದೆ. ರಾಜಧಾನಿ ಸ್ಯಾಕ್ರಮೆಂಟೊದಿಂದ ಸುಮಾರು 140 ಕಿ.ಮೀ. ದೂರ. ಸುತ್ತ ಬಾದಾಮಿ ತೋಟ, ಭತ್ತದ ಗದ್ದೆ. ಊರೊಳಗೆ ಒಂದು ವಿಶ್ವವಿದ್ಯಾಲಯ. 1976ರಲ್ಲಿ ಕೆನ್ ಗ್ರಾಸ್‌ಮನ್ ಎಂಬ ಯುವಕ ಇಲ್ಲಿ ಒಂದು ಪುಟ್ಟ ಅಂಗಡಿ ತೆರೆದರು. ಆಗ ಅವರಿಗೆ 22ರ ಆಸುಪಾಸು. ಮನೆಯಲ್ಲೇ ಬಿಯರ್, ವೈನ್ ಮಾಡಿಕೊಳ್ಳುವವರಿಗೆ ಬೇಕಾದ ಮಾಲ್ಟ್, ಹಾಪ್ಸ್, ಯೀಸ್ಟ್, ಜಾಡಿ, ಪೈಪು ಮಾರುವ ಅಂಗಡಿ ಅದು.

ಆ ಅಂಗಡಿಯವರೇ ಮುಂದೆ ಕಟ್ಟಿದ್ದು ಸಿಯೆರಾ ನೆವಾಡಾ ಬ್ರೂಯಿಂಗ್ ಕಂಪನಿ. ಇದರ ಉತ್ಪಾದನೆ ವರ್ಷಕ್ಕೆ 10 ಲಕ್ಷ ಬ್ಯಾರೆಲ್ ಗಡಿ ದಾಟಿದೆ. ಅಮೆರಿಕದ ಒಂದು ಬ್ಯಾರೆಲ್ ಬಿಯರ್ ಅಂದ್ರೆ ಸುಮಾರು 117 ಲೀಟರ್. ಲೆಕ್ಕ ಹಾಕಿದರೆ 11 ಕೋಟಿ ಲೀಟರ್‌ಗೂ ಮೇಲೆ. ಆ ದೇಶದ ಅತಿ ದೊಡ್ಡ ಕ್ರಾಫ್ಟ್ ಬಿಯರ್ ಕಂಪನಿಗಳ ಸಾಲಿನಲ್ಲಿ ಇದು ಬಹಳ ವರ್ಷಗಳಿಂದ ಮೊದಲ ಮೂರು ನಾಲ್ಕರಲ್ಲೇ ಇದೆ. ಇಷ್ಟು ಬೆಳೆದ ಕಂಪನಿಗಳು ಬೇರೆಯೂ ಇವೆ, ಅದೇನು ಆಶ್ಚರ್ಯವಲ್ಲ. ಆಶ್ಚರ್ಯ ಇರೋದು ಇನ್ನೊಂದರಲ್ಲಿ. ಜೊತೆಗೆ ಶುರುವಾದ ಬಹಳಷ್ಟು ಬ್ರೂವರಿಗಳು ಮುಚ್ಚಿಹೋದವು, ಇಲ್ಲವೇ ದೊಡ್ಡ ಕಂಪನಿಗೆ ಮಾರಾಟವಾದವು. ಇದು ಮಾತ್ರ ಷೇರುಪೇಟೆಗೂ ಹೋಗದೆ, ಯಾರಿಗೂ ಮಾರದೆ ಅದೇ ಕುಟುಂಬದ ಕೈಯಲ್ಲಿ ಉಳಿದಿದೆ.

ಆಗ ಬಿಯರ್ ಅಂದ್ರೆ ಒಂದೇ ರುಚಿ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ನೂರಾರು ಊರಿನ ಬ್ರೂವರಿಗಳು ಆಗ ಬಾಗಿಲು ಹಾಕಿದವು. ನಿಷೇಧ ಹೋದ ಮೇಲೆ ತೆರೆದವುಗಳನ್ನೂ ದೊಡ್ಡ ಕಂಪನಿಗಳು ಒಂದೊಂದಾಗಿ ನುಂಗಿದವು. 1970ರ ದಶಕದ ಕೊನೆ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕೂ ಕಡಿಮೆ. ಬಡ್‌ವೈಸರ್, ಮಿಲ್ಲರ್, ಕೂರ್ಸ್ ಅಂತ ಹೆಸರು ಬೇರೆ ಬೇರೆ, ಬಾಟಲಿಯೊಳಗೆ ಇದ್ದದ್ದು ಹೆಚ್ಚು ಕಡಿಮೆ ಒಂದೇ: ತೆಳು ಹಳದಿ ಬಣ್ಣದ, ಕಹಿ ಕಡಿಮೆ ಇರುವ ಲಾಗರ್. ಖರ್ಚು ಇಳಿಸಲು, ರುಚಿ ಹಗುರ ಮಾಡಲು ಬಾರ್ಲಿ ಜೊತೆ ಅಕ್ಕಿ ಅಥವಾ ಮೆಕ್ಕೆಜೋಳ ಸೇರಿಸುತ್ತಿದ್ದರು.

ಬೇರೆ ರುಚಿ ಬೇಕಾದವರು ಯೂರೋಪಿನಿಂದ ಬಂದ ದುಬಾರಿ ಬಾಟಲಿ ಕೊಳ್ಳಬೇಕು, ಇಲ್ಲವೇ ತಾವೇ ಮನೆಯಲ್ಲಿ ಮಾಡಿಕೊಳ್ಳಬೇಕು. ಮನೆಯಲ್ಲಿ ಮಾಡಿಕೊಳ್ಳುವುದಕ್ಕೂ ಒಂದು ಎಡವಟ್ಟು ಇತ್ತು. ಪಾನನಿಷೇಧ ರದ್ದಾದಾಗ ಮನೆಯಲ್ಲಿ ವೈನ್ ಮಾಡುವುದಕ್ಕೆ ಅನುಮತಿ ಸಿಕ್ತು, ಬಿಯರ್‌ಗೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು 1979ರಲ್ಲಿ ಜಾರಿಗೆ ಬಂದ ಮೇಲೆಯೇ ಅದು ಕೇಂದ್ರ ಕಾನೂನಿನ ಪ್ರಕಾರ ಸಕ್ರಮವಾದದ್ದು. ಅಂದ್ರೆ ಗ್ರಾಸ್‌ಮನ್ ಅಂಗಡಿ ಇಟ್ಟಾಗ ಅವರ ಗಿರಾಕಿಗಳು ಮಾಡುತ್ತಿದ್ದ ಕೆಲಸಕ್ಕೆ ಕಾನೂನಿನ ಬೆಂಬಲವೇ ಇರಲಿಲ್ಲ.

ಅಂಗಡಿಯ ಕಷ್ಟವೇ ಪಾಠ ಆಯ್ತು

ಗ್ರಾಸ್‌ಮನ್ ಹುಟ್ಟಿ ಬೆಳೆದದ್ದು ಲಾಸ್ ಏಂಜಲೀಸ್ ಕಡೆ. ಬಿಯರ್ ಮಾಡುವುದನ್ನು ನೋಡಿದ್ದು ಗೆಳೆಯನ ಮನೆಯಲ್ಲಿ. ಆ ಗೆಳೆಯನ ತಂದೆ ಮನೆಯಲ್ಲೇ ಬಿಯರ್ ಕಾಯಿಸುತ್ತಿದ್ದರು. ಚಿಕೊಗೆ ಬಂದು ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಆದರೆ ಓದು ಮುಗಿಸುವ ಮೊದಲೇ ಬ್ರೂವರಿ ಕಟ್ಟುವ ಹುಚ್ಚು ಹತ್ತಿತು.

ಅಂಗಡಿ ನಡೆಸುವಾಗ ಅವರಿಗೆ ಎದುರಾದ ದೊಡ್ಡ ತೊಂದರೆ ಹಾಪ್ಸ್. ಬಿಯರ್‌ಗೆ ಕಹಿ, ಪರಿಮಳ ಎರಡನ್ನೂ ಕೊಡುವ ಹೂವು ಅದು, ಬಳ್ಳಿಯಲ್ಲಿ ಬಿಡುತ್ತದೆ. ಹಾಪ್ಸ್ ವ್ಯಾಪಾರಿಗಳು ಲೋಡ್‌ಗಟ್ಟಲೆ ಎತ್ತುವ ದೊಡ್ಡ ಕಂಪನಿಗಳಿಗೆ ಮಾರುವವರು. ಒಂದು ಸಣ್ಣ ಊರಿನ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಯಾರು ಕೊಡ್ತಾರೆ? ಗ್ರಾಸ್‌ಮನ್ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆವರೆಗೆ ಗಾಡಿ ಓಡಿಸಿಕೊಂಡು ಹೋದರು. ಅಮೆರಿಕದ ಹಾಪ್ಸ್ ಬಹುಪಾಲು ಬೆಳೆಯುವುದು ಅಲ್ಲೇ. ದೊಡ್ಡ ಕಂಪನಿಗಳಿಗೆ ತೋರಿಸಲು ಮೂಟೆಯಿಂದ ಕತ್ತರಿಸಿ ಇಟ್ಟಿದ್ದ ಸ್ಯಾಂಪಲ್ ತುಂಡುಗಳನ್ನು ಖರೀದಿಸಿ ತಂದು ಅಂಗಡಿಯಲ್ಲಿ ಮಾರಿದರು.

ಸಣ್ಣ ವ್ಯಾಪಾರಿಗೆ ಹೋಲ್‌ಸೇಲ್ ದರ ಸಿಗದ ಕಷ್ಟ ಯಾವ ಸಂತೆಯಲ್ಲೂ ಇದ್ದದ್ದೇ. ಗ್ರಾಸ್‌ಮನ್‌ಗೆ ಅದರಿಂದ ಬೇರೊಂದು ಲಾಭ ಆಯ್ತು. ಹಾಪ್ಸ್ ತಳಿಗಳನ್ನು ಕೈಯಲ್ಲಿ ಉಜ್ಜಿ, ಮೂಸಿ, ಒಂದರಿಂದ ಒಂದನ್ನು ಬೇರೆ ಮಾಡಿ ಗುರುತಿಸುವುದು ಬ್ರೂವರಿ ಕಟ್ಟುವ ಮೊದಲೇ ಅವರಿಗೆ ಬಂದಿತ್ತು.

ಡೇರಿ ಟ್ಯಾಂಕ್, ಗುಜರಿ ಸಾಮಾನು

ಆ ಕಾಲಕ್ಕೆ ದಾರಿ ತೋರಿಸಲು ಎರಡೇ ಎರಡು ಹೆಸರು ಇದ್ದವು. ಒಂದು ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಆಂಕರ್ ಬ್ರೂವರಿ. ಮುಚ್ಚುವ ಸ್ಥಿತಿಗೆ ಬಂದಿದ್ದ ಅದನ್ನು 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಕೊಂಡು ಮತ್ತೆ ಎಬ್ಬಿಸಿದ್ದರು. ಇನ್ನೊಂದು ಸೊನೊಮಾದಲ್ಲಿ ಜಾಕ್ ಮೆಕಾಲಿಫ್ 1976ರಲ್ಲಿ ಶುರು ಮಾಡಿದ ನ್ಯೂ ಆಲ್ಬಿಯನ್. ಹೊಸದಾಗಿ ಕಟ್ಟಿದ ಸಣ್ಣ ಬ್ರೂವರಿಗಳಲ್ಲಿ ಅದೇ ಮೊದಲನೆಯದು ಅಂತ ಹೇಳುತ್ತಾರೆ. ಗ್ರಾಸ್‌ಮನ್ ಎರಡನ್ನೂ ನೋಡಿ ಬಂದರು. ನ್ಯೂ ಆಲ್ಬಿಯನ್ ಬಿಯರ್‌ಗೆ ಹೆಸರಿತ್ತು, ಗಿರಾಕಿಯೂ ಇದ್ದ. ಆದರೆ ಒಂದು ಸಲಕ್ಕೆ ಮಾಡುವ ಬಿಯರ್ ತೀರಾ ಕಡಿಮೆ. ಎಷ್ಟು ದುಡಿದರೂ ಖರ್ಚು ಹೋಗಿ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. 1982ರಲ್ಲಿ ಅದು ಮುಚ್ಚಿತು.

1979ರಲ್ಲಿ ಗ್ರಾಸ್‌ಮನ್ ಮತ್ತು ಮನೆಬಿಯರ್ ಮಾಡುತ್ತಿದ್ದ ಇನ್ನೊಬ್ಬ ಗೆಳೆಯ ಪಾಲ್ ಕಮೂಸಿ ಸೇರಿ ಕಂಪನಿ ಶುರು ಮಾಡಿದರು. ಗ್ರಾಸ್‌ಮನ್ ಚಾರಣಕ್ಕೆ ಹೋಗುತ್ತಿದ್ದ ಬೆಟ್ಟಸಾಲಿನ ಹೆಸರನ್ನೇ ಕಂಪನಿಗೆ ಇಟ್ಟರು. ಮನೆಯವರು, ಗೆಳೆಯರಿಂದ ಸಾಲ ಎತ್ತಿದ ಸುಮಾರು 50,000 ಡಾಲರ್ ಮೊದಲ ಬಂಡವಾಳ. 3,000 ಚದರ ಅಡಿಯ ಒಂದು ಗೋದಾಮು ಬಾಡಿಗೆಗೆ ಹಿಡಿದರು.

ಹೊಸ ಯಂತ್ರ ಕೊಳ್ಳುವಷ್ಟು ದುಡ್ಡಿರಲಿಲ್ಲ. ಸಣ್ಣ ಬ್ರೂವರಿಗೆ ಅಂತ ಯಂತ್ರ ಮಾಡುವವರೂ ಆಗ ಸಿಗುತ್ತಿರಲಿಲ್ಲ. ಮುಚ್ಚಿದ ಹಾಲಿನ ಡೇರಿಗಳ ಸ್ಟೀಲ್ ಟ್ಯಾಂಕ್ ತಂದರು. ಬಾಟಲಿ ತುಂಬುವುದಕ್ಕೆ ಹಳೆಯ ತಂಪುಪಾನೀಯ ಯಂತ್ರ. ಬಾಗಿಲು ಹಾಕಿದ ಬ್ರೂವರಿಗಳಲ್ಲಿ ಬಿದ್ದಿದ್ದ ಸಾಮಾನು ಗುಜರಿಯಂತೆ ಹುಡುಕಿ ತಂದರು. ಗ್ರಾಸ್‌ಮನ್ ಊರಿನ ಹತ್ತಿರದ ಕಾಲೇಜಿಗೆ ಹೋಗಿ ವೆಲ್ಡಿಂಗ್ ಕಲಿತು, ಟ್ಯಾಂಕುಗಳನ್ನು ತಾವೇ ಕತ್ತರಿಸಿ ಜೋಡಿಸಿದರು. ಬ್ರೂವರಿ ಕಟ್ಟಿ ನಿಲ್ಲಿಸಲಿಕ್ಕೇ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಮಾರುವ ಮೊದಲು ಚೆಲ್ಲಿದ್ದು

1980ರ ನವೆಂಬರ್ 15ರಂದು ಮೊದಲ ಬ್ಯಾಚ್ ಕಾಯಿಸಿದರು. ಅದು 5 ಬ್ಯಾರೆಲ್ ಸ್ಟೌಟ್, ಅಂದ್ರೆ ಹುರಿದ ಬಾರ್ಲಿಯ ಕಪ್ಪು ಬಿಯರ್. ನಂತರ ಕೈ ಹಾಕಿದ್ದು ಪೇಲ್ ಏಲ್‌ಗೆ. ಕಂಪನಿ ನಿಲ್ಲುವುದೋ ಬೀಳುವುದೋ ಈ ಬಿಯರ್ ಮೇಲೆ ಅಂತ ಇಬ್ಬರಿಗೂ ಗೊತ್ತಿತ್ತು.

ಮೊದಲ ಬ್ಯಾಚ್ ಸರಿ ಬರಲಿಲ್ಲ. ಎರಡನೆಯದು ಪರವಾಗಿಲ್ಲ ಅನ್ನುವಂತಿತ್ತು, ಆದರೆ ಮೂರನೆಯದು ಅದರ ಹಾಗೆ ಬರಲಿಲ್ಲ. ಒಂದರ ರುಚಿ ಇನ್ನೊಂದಕ್ಕಿಲ್ಲ. ಹೀಗೆ ಸುಮಾರು ಹತ್ತು ಬ್ಯಾಚ್ ಮೋರಿಗೆ ಹೋಯಿತು. ಆ ಬಿಯರ್ ಕುಡಿಯಲು ಆಗದಷ್ಟು ಕೆಟ್ಟದ್ದೇನೂ ಅಲ್ಲ. ಲೇಬಲ್ ಹಚ್ಚಿ ಮಾರಿದ್ದರೆ ಹೋಗುತ್ತಿತ್ತು. ಸಾಲ ಕೊಟ್ಟವರು ಮನೆಯವರು, ಗೆಳೆಯರು. ಬಾಡಿಗೆ ತಿಂಗಳು ತಿಂಗಳು ಕೊಡಲೇಬೇಕು. ಅಂಥ ಹೊತ್ತಲ್ಲಿ ಚೆಲ್ಲುವುದಕ್ಕೆ ಗುಂಡಿಗೆ ಬೇಕು.

ಅವರ ಲೆಕ್ಕ ಹೀಗಿತ್ತು. ಹೆಸರು ಕೇಳದ ಊರಿನ, ಹೆಸರು ಕೇಳದ ಬಿಯರ್ ಒಬ್ಬ ಗಿರಾಕಿ ಒಂದು ಸಲ ಕೊಳ್ಳುತ್ತಾನೆ. ಎರಡನೇ ಸಲ ಕೊಂಡಾಗ ರುಚಿ ಬೇರೆ ಇದ್ದರೆ ಮೂರನೇ ಸಲ ಬರೋದಿಲ್ಲ. ಅಂಗಡಿಯವನೂ ಕಪಾಟಿನಲ್ಲಿ ಜಾಗ ಕೊಡೋದಿಲ್ಲ. ಕೊನೆಗೆ ತಪ್ಪು ಯೀಸ್ಟ್ ಕಡೆ ಸಿಕ್ತು. ಹುದುಗು ಶುರುವಾಗುವ ಹೊತ್ತಿಗೆ ಯೀಸ್ಟಿಗೆ ಬೇಕಾದಷ್ಟು ಆಮ್ಲಜನಕ ಸಿಗುತ್ತಿರಲಿಲ್ಲ. ಗಾಳಿ ಬೆರೆಸುವ ರೀತಿ ಬದಲಿಸಿದ ಮೇಲೆ ಒಂದು ಬ್ಯಾಚಿನ ಹಾಗೇ ಇನ್ನೊಂದು ಬಂತು. 1981ರಲ್ಲಿ ಪೇಲ್ ಏಲ್ ಮಾರುಕಟ್ಟೆಗೆ ಬಂತು.

ಹಸಿರು ಲೇಬಲ್ಲಿನ ಬಾಟಲಿಯಲ್ಲಿ ಏನಿದೆ

ಬಿಯರ್ ಮಾಡುವ ಕ್ರಮ ಎಲ್ಲ ಕಡೆ ಒಂದೇ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ರಾಗಿ ಮಾಲ್ಟಿಗೆ ರಾಗಿ ಮೊಳಕೆ ಕಟ್ಟುತ್ತೇವಲ್ಲ, ಅದೇ ಕೆಲಸ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದರೆ ಹಿಟ್ಟಿನಂಶ ಸಕ್ಕರೆಯಾಗಿ ಸಿಹಿ ರಸ ಬಿಡುತ್ತದೆ. ರಸವನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದೆ.

ಲಾಗರ್ ಯೀಸ್ಟ್ ತಂಪಿನಲ್ಲಿ, ನಿಧಾನವಾಗಿ ಕೆಲಸ ಮಾಡುತ್ತದೆ. ಏಲ್ ಯೀಸ್ಟಿಗೆ ಅಷ್ಟು ತಂಪು ಬೇಡ, ಬೇಗ ಹುದುಗುತ್ತದೆ, ಹಣ್ಣಿನಂಥ ವಾಸನೆಯನ್ನೂ ಬಿಡುತ್ತದೆ. ನಮ್ಮ ಅಂಗಡಿಗಳಲ್ಲಿ ಸ್ಟ್ರಾಂಗ್ ಅಂತ ಮಾರುವ ಬಿಯರ್‌ಗಳೂ ಹೆಚ್ಚಾಗಿ ಲಾಗರ್‌ಗಳೇ. ಸ್ಟ್ರಾಂಗ್ ಅಂದ್ರೆ ಆಲ್ಕೋಹಾಲ್ ಹೆಚ್ಚು ಅಂತ ಅರ್ಥ, ಕಹಿ ಹೆಚ್ಚು ಅಂತ ಅಲ್ಲ.

ಪೇಲ್ ಏಲ್ ಇಂಗ್ಲೆಂಡಿನ ಹಳೇ ಬಗೆ. ಸಿಯೆರಾ ನೆವಾಡಾ ಅದಕ್ಕೆ ಹಾಕಿದ ಹಾಪ್ಸ್ ಮಾತ್ರ ಇಂಗ್ಲೆಂಡಿನದಲ್ಲ. ಅದು ಕ್ಯಾಸ್ಕೇಡ್ ತಳಿ. ಅಮೆರಿಕ ಸರಕಾರದ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ, ಆರೆಗಾನ್ ರಾಜ್ಯದಲ್ಲಿ ಹುಟ್ಟಿ 1972ರಲ್ಲಿ ರೈತರ ಕೈಗೆ ಬಂದದ್ದು. ಇದರ ವಾಸನೆ ಚಕ್ಕೋತದ ಸಿಪ್ಪೆ, ಪೈನ್ ಮರದ ಅಂಟು ಎರಡನ್ನೂ ನೆನಪಿಸುತ್ತದೆ. ಯೂರೋಪಿನ ಹಾಪ್ಸ್‌ನ ಮೃದು ಪರಿಮಳಕ್ಕೆ ಒಗ್ಗಿದವರಿಗೆ ಇದು ಒರಟು. ಗ್ರಾಸ್‌ಮನ್ ಈ ಒರಟನ್ನೇ ಮುಂದಿಟ್ಟರು. ಶೇ 5.6 ಆಲ್ಕೋಹಾಲ್, ತಾಮ್ರದ ಬಣ್ಣ, ಕುಡಿದ ಮೇಲೂ ನಾಲಿಗೆಯಲ್ಲಿ ನಿಲ್ಲುವ ಕಹಿ. ಆ ಕಾಲದ ಅಮೆರಿಕದವರಿಗೆ ಇದು ಬಿಯರ್ ಅಂತ ಒಪ್ಪಿಕೊಳ್ಳುವುದೇ ಕಷ್ಟ ಇತ್ತು. ಈಗ 'ಅಮೆರಿಕನ್ ಪೇಲ್ ಏಲ್' ಅನ್ನೋದು ಪ್ರಪಂಚದ ತುಂಬ ಒಂದು ಬಗೆಯ ಹೆಸರು. ಬೆಂಗಳೂರಿನ ಪಬ್ ಬ್ರೂವರಿಗಳ ಬೋರ್ಡಿನಲ್ಲೂ ಕಾಣುತ್ತದೆ. ಅದಕ್ಕೆ ಅಳತೆಗೋಲು ಅಂತ ಬ್ರೂವರ್‌ಗಳು ತೋರಿಸುವುದು ಇದೇ ಹಸಿರು ಲೇಬಲ್ಲನ್ನು.

ಇನ್ನೊಂದು ವಿಷಯ. ಬಾಟಲಿ ತುಂಬುವಾಗ ಸ್ವಲ್ಪ ಯೀಸ್ಟ್, ಸ್ವಲ್ಪ ಸಕ್ಕರೆ ಸೇರಿಸಿ ಮುಚ್ಚುತ್ತಾರೆ. ಒಳಗೇ ಮತ್ತೊಂದು ಸಲ ಹುದುಗಿ ಗ್ಯಾಸ್ ತಾನಾಗಿ ಹುಟ್ಟುತ್ತದೆ. ತಳದಲ್ಲಿ ತೆಳುವಾಗಿ ಗಷ್ಟು ಕೂರುತ್ತದೆ. ಗೊತ್ತಿಲ್ಲದವರು ಅದನ್ನು ಕಂಡು ಬಿಯರ್ ಕೆಟ್ಟಿದೆ ಅಂದುಕೊಳ್ಳಬಹುದು, ಅದು ಯೀಸ್ಟ್ ಅಷ್ಟೇ.

ಹಬ್ಬದ ಬಿಯರ್, ವರ್ಷಗಟ್ಟಲೆ ಇಡುವ ಬಿಯರ್

1981ರಲ್ಲೇ ಸೆಲೆಬ್ರೇಷನ್ ಅನ್ನೋ ಬಿಯರ್ ಬಂತು. ಆ ವರ್ಷದ ಹೊಸ ಕೊಯ್ಲಿನ ಹಾಪ್ಸ್ ಹಾಕಿ, ಚಳಿಗಾಲದ ಹಬ್ಬಗಳ ಹೊತ್ತಿಗೆ ಮಾತ್ರ ಬಿಡುವ ಶೇ 6.8ರ ಐಪಿಎ. ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಇಂಗ್ಲಿಷರಿಗೆ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರ್‌ನಿಂದ ಬಂದ ಹೆಸರು. ಇಂಡಿಯಾದ ಹೆಸರು ಹೊತ್ತ ಬಿಯರನ್ನು ನೂರಾರು ವರ್ಷದ ನಂತರ ಹೊಸದಾಗಿ ಬೆಳೆಸಿದ್ದು ಅಮೆರಿಕದವರು.

1983ರಲ್ಲಿ ಬಿಗ್‌ಫುಟ್ ಬಂತು. ಶೇ 9.6ರ ಬಾರ್ಲಿವೈನ್. ಹೆಸರಲ್ಲಿ ವೈನ್ ಇದ್ದರೂ ಬಾರ್ಲಿಯ ಬಿಯರೇ. ಕೊಂಡವರು ಕೆಲವರು ವರ್ಷಗಟ್ಟಲೆ ಇಟ್ಟು, ಹಳತು ಮಾಡಿ ಕುಡಿಯುತ್ತಾರೆ. 2009ರಲ್ಲಿ ಬಂದದ್ದು ಟಾರ್ಪಿಡೊ, ಶೇ 7.2. ಇದರ ಹೆಸರು ಒಂದು ಯಂತ್ರದ್ದು. ಹುದುಗು ಮುಗಿದ ಬಿಯರನ್ನು ಹಾಪ್ಸ್ ತುಂಬಿದ ಉದ್ದನೆಯ ಸ್ಟೀಲ್ ಸಿಲಿಂಡರ್ ಮೂಲಕ ಸುತ್ತಿಸಿ ಕಹಿ ಏರಿಸದೆ ಪರಿಮಳ ಮಾತ್ರ ಎಳೆಯುವ ಸಾಧನ ಅದು. ಬ್ರೂವರಿಯವರೇ ಮಾಡಿಕೊಂಡದ್ದು. ಡೇರಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿದ ಚಾಳಿ ಬಿಟ್ಟಿರಲಿಲ್ಲ ಅನ್ನಬಹುದು.

ತಾಮ್ರದ ಹಂಡೆ, ತಲೆ ಮೇಲೆ ಸಾಲ

ಆ ಗೋದಾಮಿನಲ್ಲಿ ಎಷ್ಟು ಮಾಡಿದರೂ ಸಾಲದ ಸ್ಥಿತಿ ಬೇಗನೆ ಬಂತು. ಮುಚ್ಚಿಹೋದ ಜರ್ಮನ್ ಬ್ರೂವರಿಯೊಂದರ 100 ಬ್ಯಾರೆಲ್ ಸಾಮರ್ಥ್ಯದ ತಾಮ್ರದ ಹಂಡೆಗಳು ಮಾರಾಟಕ್ಕಿವೆ ಅಂತ ಗ್ರಾಸ್‌ಮನ್‌ಗೆ ತಿಳಿಯಿತು. ಕೊಂಡು ಹಡಗಿನಲ್ಲಿ ತರಿಸಿದರು. ಆದರೆ ಅವನ್ನು ಕೂರಿಸಲು ಕಟ್ಟಡ ಇಲ್ಲ, ಕಟ್ಟಡಕ್ಕೆ ದುಡ್ಡಿಲ್ಲ. ವರ್ಷಗಳ ಕಾಲ ಹಂಡೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು. 1980ರ ದಶಕದ ಕೊನೆಯಲ್ಲಿ ಊರಿನ 20ನೇ ಬೀದಿಯಲ್ಲಿ ಹೊಸ ಬ್ರೂವರಿ ಎದ್ದಾಗಲೇ ಅವು ಒಲೆ ಕಂಡದ್ದು. ಅದರ ಪಕ್ಕದಲ್ಲೇ ಊಟದ ಹೋಟೆಲ್ ಸಹ ತೆರೆದರು.

ಇಷ್ಟಾದರೂ ಬಹಳ ವರ್ಷ ಟಿವಿ ಜಾಹೀರಾತು ಕೊಡಲಿಲ್ಲ. ಅಮೆರಿಕದಲ್ಲಿ ಬ್ರೂವರಿಯವರು ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್‌ಗೆ ಮಾರಬೇಕು, ಡಿಸ್ಟ್ರಿಬ್ಯೂಟರ್ ಅಂಗಡಿ, ಬಾರ್‌ಗಳಿಗೆ ಮಾರಬೇಕು. ನಮ್ಮಲ್ಲಿ ಪಾನೀಯ ನಿಗಮದ ಡಿಪೊ ಇರುವ ಜಾಗದಲ್ಲಿ ಅಲ್ಲಿ ಖಾಸಗಿ ಡಿಸ್ಟ್ರಿಬ್ಯೂಟರ್‌ಗಳು. ಅವರಲ್ಲಿ ಅನೇಕರು ದೊಡ್ಡ ಕಂಪನಿಗಳ ಲಾರಿ ತುಂಬುವವರೇ. ಸಣ್ಣ ಬ್ರೂವರಿಯ ನಾಲ್ಕು ಕೇಸ್ ಹಾಕಿಕೊಳ್ಳಬೇಕಾದರೆ ಗಿರಾಕಿ ಕೇಳಬೇಕು. ಗಿರಾಕಿ ಕೇಳುವಂತೆ ಮಾಡಿದ್ದು ಬಾಯಿಂದ ಬಾಯಿಗೆ ಹಬ್ಬಿದ ಮಾತು.

1990ರ ದಶಕದ ಮಧ್ಯದಲ್ಲಿ ಕ್ರಾಫ್ಟ್ ಬಿಯರ್‌ಗೆ ಒಮ್ಮೆಲೇ ಹಣದ ಹೊಳೆ ಹರಿಯಿತು. 1995ರಲ್ಲಿ ಬಾಸ್ಟನ್ ಬಿಯರ್, ರೆಡ್‌ಹುಕ್, ಪೀಟ್ಸ್ ಕಂಪನಿಗಳು ಷೇರು ಬಿಟ್ಟವು. ರೆಡ್‌ಹುಕ್ ಅದಕ್ಕೂ ಮೊದಲೇ ಬಡ್‌ವೈಸರ್‌ನವರಿಗೆ ಪಾಲು ಕೊಟ್ಟಿತ್ತು. ಸಿಯೆರಾ ನೆವಾಡಾ ಇದ್ಯಾವುದಕ್ಕೂ ಹೋಗಲಿಲ್ಲ. ಆದರೆ ಪರೀಕ್ಷೆ ಒಳಗಿನಿಂದಲೇ ಬಂತು. ಆ ದಶಕದ ಕೊನೆಯಲ್ಲಿ ಪಾಲುದಾರ ಕಮೂಸಿ ಹೊರಗೆ ಹೋಗಲು ನಿರ್ಧರಿಸಿದರು. ಅವರ ಪಾಲು ಹೊರಗಿನವರ ಕೈಗೆ ಹೋದರೆ ಕಂಪನಿಯೇ ಮುಂದೊಂದು ದಿನ ಹೋಗುತ್ತದೆ. ಗ್ರಾಸ್‌ಮನ್ ಭಾರೀ ಸಾಲ ಮಾಡಿ ಆ ಪಾಲನ್ನು ಕೊಂಡರು. 20 ವರ್ಷ ದುಡಿದು ಕಟ್ಟಿದ ಕಂಪನಿಯನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಕೊಂಡ ಹಾಗೆ.

ಮಾರಿಕೊಂಡವರು ಮತ್ತು ಉಳಿದವರು

'ಸ್ವತಂತ್ರ' ಅನ್ನೋ ಮಾತಿಗೆ ಅಲ್ಲಿ ಲೆಕ್ಕವೇ ಇದೆ. ಬ್ರೂವರ್ಸ್ ಅಸೋಸಿಯೇಷನ್ ಎಂಬ ಸಂಘದ ಪ್ರಕಾರ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಒಳಗೆ ಮಾಡುತ್ತಿರಬೇಕು. ತಾನೇ ಕ್ರಾಫ್ಟ್ ಬ್ರೂವರ್ ಅಲ್ಲದ ಮದ್ಯ ಕಂಪನಿಯ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು. 2017ರಿಂದ ಇಂಥ ಬ್ರೂವರಿಗಳು ಬಾಟಲಿ ಮೇಲೆ ತಲೆಕೆಳಗಾದ ಬಾಟಲಿಯ ಗುರುತು ಹಾಕಿಕೊಳ್ಳಬಹುದು.

ಗುರುತು ಬೇಕಾದದ್ದಕ್ಕೆ ಕಾರಣ ಇತ್ತು. 2011ರಲ್ಲಿ ಶಿಕಾಗೊದ ಗೂಸ್ ಐಲ್ಯಾಂಡ್ ಬಡ್‌ವೈಸರ್ ಕಂಪನಿಗೆ ಮಾರಾಟವಾಯಿತು. 2015ರಲ್ಲಿ ಬ್ಯಾಲಾಸ್ಟ್ ಪಾಯಿಂಟ್ ಎಂಬ ಸ್ಯಾನ್ ಡಿಯೇಗೊದ ಬ್ರೂವರಿ 100 ಕೋಟಿ ಡಾಲರ್‌ಗೆ ಹೋಯಿತು. ಅದೇ ವರ್ಷ ಲಗುನೀಟಸ್ ಅರ್ಧ ಪಾಲನ್ನು ಹೈನಕನ್‌ಗೆ ಕೊಟ್ಟಿತು, 2017ರಲ್ಲಿ ಉಳಿದದ್ದನ್ನೂ. ಲೇಬಲ್ ಬದಲಾಗುವುದಿಲ್ಲ, ಹೆಸರು ಬದಲಾಗುವುದಿಲ್ಲ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಮಾಲೀಕ ಬದಲಾದದ್ದು ಗೊತ್ತೇ ಆಗೋದಿಲ್ಲ. ದೊಡ್ಡ ಕಂಪನಿ ಸೇರಿದ ಬ್ರೂವರಿಗೆ ಲಾರಿ, ಕಪಾಟು, ಹಾಪ್ಸ್ ಎಲ್ಲ ಸಲೀಸು. ಹೊರಗೆ ಉಳಿದವರಿಗೆ ಅದೇ ಕಪಾಟಿನಲ್ಲಿ ಜಾಗ ಕಿರಿದಾಗುತ್ತಾ ಹೋಗುತ್ತದೆ.

ಎರಡನೇ ಬ್ರೂವರಿ, ಒಡೆದ ಗಾಜು

ಬಿಯರ್ ಅಂದ್ರೆ ಬಹುಪಾಲು ನೀರು. ಅದನ್ನು ಪಶ್ಚಿಮ ತುದಿಯಿಂದ ಪೂರ್ವ ತುದಿಗೆ 4,000 ಕಿ.ಮೀ. ಲಾರಿಯಲ್ಲಿ ಸಾಗಿಸಿದರೆ ಡೀಸೆಲ್ಲಿಗೇ ದುಡ್ಡು. ತಡವಾದಷ್ಟೂ ಹಾಪ್ಸ್ ಪರಿಮಳವೂ ಇಳಿಯುತ್ತದೆ. ಅದಕ್ಕೆ 2012ರಲ್ಲಿ ಉತ್ತರ ಕ್ಯಾರೊಲಿನಾದ ಮಿಲ್ಸ್ ರಿವರ್‌ನಲ್ಲಿ ಎರಡನೇ ಬ್ರೂವರಿ ಘೋಷಿಸಿದರು. 2014ರ ಹೊತ್ತಿಗೆ ಅದು ಚಾಲೂ ಆಯ್ತು. ಅದರ ಹೊಣೆ ಮಗ ಬ್ರಯಾನ್ ಗ್ರಾಸ್‌ಮನ್‌ಗೆ.

ಎರಡು ಕಡೆ ಮಾಡಿದ ಪೇಲ್ ಏಲ್ ಒಂದೇ ರುಚಿ ಬರಬೇಕು. 1980ರಲ್ಲಿ ಹತ್ತು ಬ್ಯಾಚ್ ಚೆಲ್ಲಿಸಿದ ಅದೇ ಸಮಸ್ಯೆ, ಈ ಸಲ ದೊಡ್ಡ ಗಾತ್ರದಲ್ಲಿ. ನೀರಿನಿಂದ ಹಿಡಿದು ಎಲ್ಲವನ್ನೂ ಹೊಂದಿಸಿ, ಎರಡೂ ಬ್ರೂವರಿಯ ಬಿಯರನ್ನು ಪಕ್ಕಪಕ್ಕ ಇಟ್ಟು ರುಚಿ ನೋಡಿಯೇ ಹೊರಗೆ ಬಿಟ್ಟರು.

2017ರ ಜನವರಿಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮಿಲ್ಸ್ ರಿವರ್‌ನಲ್ಲಿ ತುಂಬಿದ ಕೆಲವು ಬಾಟಲಿಗಳ ಬಾಯಿಯಿಂದ ಗಾಜಿನ ಚೂರು ಒಡೆದು ಒಳಗೆ ಬೀಳಬಹುದಾದ ದೋಷ ಕಂಡುಬಂತು. ಕಂಪನಿ ತಾನೇ ಪ್ರಕಟಣೆ ಹೊರಡಿಸಿ 36 ರಾಜ್ಯಗಳಿಂದ ಬಿಯರ್ ವಾಪಸ್ ಕರೆಸಿತು. ದೋಷ ಇದ್ದದ್ದು ತೀರಾ ಕಡಿಮೆ ಬಾಟಲಿಗಳಲ್ಲಿ, ಆದರೂ ಕಪಾಟಿನಿಂದ ಎಲ್ಲವೂ ಇಳಿಯಿತು.

ಮುಚ್ಚಳದ ವಿಷಯವೂ ಇದರ ಜೊತೆಗೇ ಹೇಳಬೇಕು. ಮೊದಲು ಕೈಯಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ ಇತ್ತು. ಗಿರಾಕಿಗೆ ಅನುಕೂಲ. ಆದರೆ ಅದರ ಸಂದಿಯಲ್ಲಿ ಆಮ್ಲಜನಕ ನುಸುಳಿ ಬಿಯರ್ ಬೇಗ ಹಳಸುತ್ತದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ 2007ರಲ್ಲಿ ಓಪನರ್ ಬೇಕಾಗುವ ಮುಚ್ಚಳಕ್ಕೆ ಬದಲಾಯಿಸಿದರು. ಗೊಣಗಿದವರು ಗೊಣಗಿದರು.

ಚರಟ ದನಕ್ಕೆ, ಬಿಸಿಲು ಕರೆಂಟಿಗೆ

ಬ್ರೂವರಿ ಅಂದ್ರೆ ನೀರು, ಕರೆಂಟು, ತ್ಯಾಜ್ಯ ಮೂರೂ ವಿಪರೀತ. ಚಿಕೊ ಬ್ರೂವರಿಯಲ್ಲಿ 10,000ಕ್ಕೂ ಹೆಚ್ಚು ಸೋಲಾರ್ ಪ್ಯಾನೆಲ್ ಇವೆ. ಹುದುಗುವಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮತ್ತೆ ಬಳಸುತ್ತಾರೆ. ರಸ ತೆಗೆದ ಬಾರ್ಲಿ ಚರಟ ದನಗಳಿಗೆ ಹೋಗುತ್ತದೆ. ನಮ್ಮಲ್ಲಿ ಎಣ್ಣೆ ತೆಗೆದ ಮೇಲೆ ಹಿಂಡಿ ಹಾಕುವಂತೆಯೇ. ಬ್ರೂವರಿ ಪಕ್ಕದಲ್ಲಿ ತಮ್ಮದೇ ಹಾಪ್ಸ್ ತೋಟವೂ ಇದೆ. ಇದರಲ್ಲಿ ಪರಿಸರದ ಕಾಳಜಿ ಇಲ್ಲ ಅಂತಲ್ಲ, ಉಳಿತಾಯವೂ ಚೆನ್ನಾಗೇ ಇದೆ.

ಹಳೇ ಬಿಯರ್ ಇಳಿದಾಗ

2010ರ ದಶಕದ ಮಧ್ಯದಲ್ಲಿ ಪೇಲ್ ಏಲ್ ಮಾರಾಟ ಇಳಿಯತೊಡಗಿತು. ಇದೇ ಬಿಯರ್ ನೋಡಿ ಶುರು ಮಾಡಿದ ಸಾವಿರಾರು ಸಣ್ಣ ಬ್ರೂವರಿಗಳು ಊರೂರಲ್ಲಿ ಎದ್ದಿದ್ದವು. ಹೊಸ ತಲೆಮಾರಿನವರಿಗೆ ಹಸಿರು ಲೇಬಲ್ ಅಂದ್ರೆ ಅಪ್ಪ ಕುಡಿಯುವ ಬಿಯರ್. ಅವರಿಗೆ ಬೇಕಾಗಿದ್ದದ್ದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹುಟ್ಟಿದ ಹೇಜಿ ಐಪಿಎ: ಸೋಸದೆ ಬಿಟ್ಟ, ಮಾವಿನ ರಸದಂತೆ ಮಂದವಾಗಿ ಕಾಣುವ, ಕಹಿ ಕಡಿಮೆ ಹಣ್ಣಿನ ವಾಸನೆ ಹೆಚ್ಚು ಇರುವ ಬಿಯರ್.

40 ವರ್ಷ ಕಹಿಗೆ ಹೆಸರಾದವರು 2018ರಲ್ಲಿ ಹೇಜಿ ಲಿಟಲ್ ಥಿಂಗ್ ಬಿಟ್ಟರು. ಶೇ 6.7. ಇಂಥ ಬಿಯರ್ ಆ ಊರಲ್ಲೇ, ತಾಜಾ ಇದ್ದಾಗಲೇ ಕುಡಿಯುವಂಥದ್ದು ಅನ್ನೋ ಮಾತಿತ್ತು. ದೇಶದ ತುಂಬ ಕಳಿಸಿದರೂ ಕೆಡದಂತೆ ಮಾಡಿದ್ದು ಇವರ ಲ್ಯಾಬಿನ ಕೆಲಸ. ಕೆಲವೇ ವರ್ಷದಲ್ಲಿ ಅದು ಪೇಲ್ ಏಲನ್ನು ಹಿಂದೆ ಹಾಕಿ ಕಂಪನಿಯ ಮುಖ್ಯ ಬಿಯರ್ ಆಯ್ತು. ಹಳಬರಿಗೆ ಇದು ಬೇಸರದ ಸುದ್ದಿಯೇ, ಆದರೆ ಕಂಪನಿಯ ಬಾಗಿಲು ತೆರೆದೇ ಇರಲು ಇದೂ ಒಂದು ಕಾರಣ.

ಪಕ್ಕದ ಊರು ಸುಟ್ಟಾಗ

2018ರ ನವೆಂಬರ್ 8ರಂದು ಚಿಕೊ ಪಕ್ಕದ ಪ್ಯಾರಡೈಸ್ ಎಂಬ ಪಟ್ಟಣವನ್ನು ಕಾಳ್ಗಿಚ್ಚು ನುಂಗಿತು. 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಬ್ರೂವರಿಯ ಹಲವು ನೌಕರರ ಮನೆಗಳೂ ಅದರಲ್ಲಿದ್ದವು. ಊರು ಬಿಟ್ಟು ಬಂದವರು ಬಂದದ್ದು ಹೆಚ್ಚಾಗಿ ಚಿಕೊಗೇ.

ಕಂಪನಿ 1 ಲಕ್ಷ ಡಾಲರ್ ಕೊಟ್ಟು ಪರಿಹಾರ ನಿಧಿ ಶುರು ಮಾಡಿತು. 'ರೆಸಿಲಿಯೆನ್ಸ್' ಎಂಬ ಐಪಿಎಯ ರೆಸಿಪಿಯನ್ನು ಎಲ್ಲರಿಗೂ ಬಿಚ್ಚಿ ಕೊಟ್ಟು, ನವೆಂಬರ್ 27ರಂದು ನೀವೂ ಇದನ್ನೇ ಕಾಯಿಸಿ, ಮಾರಿದ ಹಣ ಪೂರ್ತಿ ಸಂತ್ರಸ್ತರಿಗೆ ಕೊಡಿ ಅಂತ ಬೇರೆ ಬ್ರೂವರಿಗಳನ್ನು ಕೇಳಿತು. 1,400ಕ್ಕೂ ಹೆಚ್ಚು ಬ್ರೂವರಿಗಳು ಒಪ್ಪಿದವು. ಮಾಲ್ಟ್, ಹಾಪ್ಸ್ ಮಾರುವವರು ಸಾಮಾನು ದಾನ ಕೊಟ್ಟರು. ಕಪಾಟಿನ ಜಾಗಕ್ಕೆ ದಿನಾ ಕಿತ್ತಾಡುವ ಬ್ರೂವರಿಗಳು ಒಂದೇ ರೆಸಿಪಿಯ ಬಿಯರ್ ಮಾರಿದ್ದು ಆ ವ್ಯಾಪಾರದಲ್ಲಿ ಅಪರೂಪ. ಒಪ್ಪಿಕೊಂಡೂ ತಿಂಗಳುಗಟ್ಟಲೆ ಹಣ ಕಳಿಸದೆ ಉಳಿದವರೂ ಇದ್ದರು, ಅವರಿಗೆ ನೆನಪಿಸಬೇಕಾಯ್ತು.

2023ರ ಜುಲೈನಲ್ಲಿ ಆಂಕರ್ ಬ್ರೂವರಿ ಮುಚ್ಚುವುದಾಗಿ ಪ್ರಕಟಿಸಿತು. ಗ್ರಾಸ್‌ಮನ್ ಕಲಿಯಲು ಹೋಗಿದ್ದ ಆ ಎರಡರಲ್ಲಿ ಉಳಿದಿದ್ದ ಒಂದು ಅದು. ಆರು ವರ್ಷ ಮೊದಲು ಜಪಾನಿನ ಸಪ್ಪೊರೊ ಕಂಪನಿ ಅದನ್ನು ಕೊಂಡಿತ್ತು. ಅಮೆರಿಕದಲ್ಲಿ ಈಗ 9,000ಕ್ಕೂ ಹೆಚ್ಚು ಬ್ರೂವರಿಗಳಿವೆ, ಆದರೆ ಬಿಯರ್ ಕುಡಿಯುವುದೇ ಕಡಿಮೆಯಾಗುತ್ತಿದೆ. ಸಿಯೆರಾ ನೆವಾಡಾ ಟ್ರೇಲ್ ಪಾಸ್ ಎಂಬ ಹೆಸರಲ್ಲಿ ಆಲ್ಕೋಹಾಲ್ ಇಲ್ಲದ ಬಿಯರ್‌ಗಳನ್ನೂ ಮಾರುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ನೆರೆ ಬಂದಾಗ ಮಿಲ್ಸ್ ರಿವರ್ ಬ್ರೂವರಿಯಲ್ಲಿ ಕೆಲ ಕಾಲ ಕೆಲಸ ನಿಂತಿತ್ತು. ಈಗ ಎರಡೂ ಬ್ರೂವರಿಗಳು ನಡೆಯುತ್ತಿವೆ. ಪೇಲ್ ಏಲ್‌ಗೆ ಇವತ್ತಿಗೂ ಹಾಕುವುದು ಅದೇ ಕ್ಯಾಸ್ಕೇಡ್ ಹಾಪ್ಸ್.